ಕೆಲಸಮೇಜಿನ ದೀಪದ ಮುರಿದ ಕ್ಲ್ಯಾಂಪ್: ದುರಸ್ತಿಕ್ರಮಗಳ ವಿಮರ್ಶೆ

ಬೆಸುಗೆ, ಗಡಿಯಾರ ದುರಸ್ತಿ, ಸಣ್ಣ ಮಾದರಿಗಳ ತಯಾರಿಕೆ ಮೊದಲಾದ ಹವ್ಯಾಸಗಳಿಗೆ ಬಳಸುವ ತೋಳುದೀಪದಲ್ಲಿ ಬಲ್ಬು ಅಥವಾ ಸ್ವಿಚ್ಚು ಕೆಟ್ಟರೆ ಅದನ್ನು ಬದಲಿಸಿ ಕೆಲಸ ಮುಂದುವರಿಸಬಹುದು. ಆದರೆ ಮೇಜಿನ ಅಂಚನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಮುರಿದರೆ, ಉಳಿದೆಲ್ಲ ಭಾಗಗಳೂ ಸರಿಯಾಗಿದ್ದರೂ, ಇಡೀ ದೀಪವೇ ಮೂಲೆ ಸೇರುತ್ತದೆ. ಇಂಥ ದೀಪಗಳನ್ನು ಉಳಿಸಲು ರೂಢಿಯಲ್ಲಿರುವ ಹೆಚ್ಚಿನ ಉಪಾಯಗಳು ಮುರಿದ ಭಾಗಕ್ಕೆ ಅದರ ಹಳೆಯ ಆಕಾರವನ್ನೇ ಮರಳಿ ಕೊಡಲು ಯತ್ನಿಸುತ್ತವೆ. ಮುರಿತಕ್ಕೆ ಆ ಆಕಾರವೇ ಕಾರಣವಾಗಿರುವುದನ್ನು ಗಮನಿಸದಿರುವುದು ಅವುಗಳ ಮೂಲ ದೋಷ.

ಇಂದಿನ ಸ್ಪ್ರಿಂಗ್ ತೋಳಿನ ಕಲ್ಪನೆ 1932ರಲ್ಲಿ ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೀನ್ ಎಂಬ ವಾಹನ ಎಂಜಿನಿಯರ್ ರೂಪಿಸಿದ ವಿನ್ಯಾಸದಿಂದ ಬಂದದ್ದು. ರೆಡಿಚ್ ಪಟ್ಟಣದ ಹರ್ಬರ್ಟ್ ಟೆರಿ ಸಂಸ್ಥೆ ಅದನ್ನು ಆ್ಯಂಗಲ್‌ಪಾಯ್ಸ್ ಎಂಬ ಹೆಸರಿನಲ್ಲಿ ತಯಾರಿಸಿತು. ಮನೆಬಳಕೆಗೆಂದು 1935ರಲ್ಲಿ ಬಂದ ಅದರ 1227ನೆಯ ಮಾದರಿ ಭಾರವಾದ ಪೀಠದ ಮೇಲೆ ನಿಲ್ಲುತ್ತಿತ್ತು. ಈ ಪೀಠದ ಭಾರ ಕೇವಲ ಅಲಂಕಾರಕ್ಕಾಗಿ ಇದ್ದದ್ದಲ್ಲ. ಸ್ಪ್ರಿಂಗುಗಳು ತೋಳನ್ನು ಅದರ ಕೀಲುಗಳಲ್ಲಿ ಮಾತ್ರ ಸಮತೋಲದಲ್ಲಿ ಇಡುತ್ತವೆಯೇ ಹೊರತು, ಚಾಚಿದ ತೋಳಿನ ತುದಿಯ ತೂಕ ಬುಡದಲ್ಲಿ ಉಂಟುಮಾಡುವ ಮಗುಚುವ ಬಲವನ್ನು, ಅಂದರೆ ದೀಪವನ್ನು ಪಕ್ಕಕ್ಕೆ ಕೆಡವಲು ನೋಡುವ ಬಲವನ್ನು, ಎಳ್ಳಷ್ಟೂ ತಗ್ಗಿಸುವುದಿಲ್ಲ. ತೋಳು ಹಗುರವಾಗಿ ಆಡುವುದರಿಂದ ಬುಡದ ಮೇಲೂ ಹೊರೆಯಿಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಈ ಬಲದ ಪ್ರಮಾಣವನ್ನು ಸುಲಭವಾಗಿ ಅಂದಾಜು ಮಾಡಬಹುದು. ಭೂತಗನ್ನಡಿ ಇರುವ ದೀಪವೊಂದರ ತಲೆ 800 ಗ್ರಾಂ ತೂಗುತ್ತದೆ, ತೋಳು 90 ಸೆಂಟಿಮೀಟರ್ ಚಾಚಿದೆ ಎಂದುಕೊಳ್ಳೋಣ. ತೋಳಿನ ಬುಡದ ಲೋಹದ ಗೂಟ ಕ್ಲ್ಯಾಂಪಿನ ರಂಧ್ರದಲ್ಲಿ ಕೇವಲ 2 ಸೆಂಟಿಮೀಟರ್ ಆಳಕ್ಕೆ ಇಳಿದಿದ್ದರೆ, ತೋಳಿನ ಸ್ವಂತ ತೂಕವನ್ನು ಬಿಟ್ಟರೂ, ರಂಧ್ರದ ಮೇಲಂಚು ಮತ್ತು ಕೆಳಅಂಚುಗಳು ತಲಾ ಕನಿಷ್ಠ 36 ಕಿಲೋ ತೂಕದಷ್ಟು ಒತ್ತಡವನ್ನು ವಿರುದ್ಧ ದಿಕ್ಕುಗಳಲ್ಲಿ ತಡೆಯಬೇಕು. ರಂಧ್ರ 5 ಸೆಂಟಿಮೀಟರ್ ಆಳವಾದರೆ ಅದೇ ಒತ್ತಡ ಸುಮಾರು 14 ಕಿಲೋಗೆ ಇಳಿಯುತ್ತದೆ. ಹೀಗಿರುವಾಗ, ಅಗ್ಗದ ದೀಪಗಳ ತಯಾರಕರು ಈ ಜಾಗದಲ್ಲೇ ಗಿಡ್ಡ ರಂಧ್ರದ, ತೆಳು ಗೋಡೆಯ ಪ್ಲಾಸ್ಟಿಕ್ ತುಂಡನ್ನೋ ಸತುವಿನ ಮಿಶ್ರಲೋಹದ ಎರಕವನ್ನೋ ಇಟ್ಟು ಉಳಿತಾಯ ಮಾಡುವುದು ಕೊಳ್ಳುವವರಿಗೆ ಬಗೆಯುವ ಅನ್ಯಾಯ.

ದುರಸ್ತಿಕ್ರಮಗಳಲ್ಲಿ ಅಂಟು ಅತ್ಯಂತ ದುರ್ಬಲವಾದುದು. ಕ್ಷಣದಲ್ಲಿ ಹಿಡಿಯುವ ಅಂಟು ಗಟ್ಟಿಯಾದ ಮೇಲೆ ಪೆಡಸಾಗುವುದರಿಂದ ಬಿರುಕನ್ನು ಸೀಳಿ ತೆರೆಯುವ ಬಲದ ಮುಂದೆ ನಿಲ್ಲದು. ಎಪಾಕ್ಸಿ ಅದಕ್ಕಿಂತ ಮೇಲಾದರೂ, ಮುರಿದ ಅಂಚುಗಳ ಕಿರಿದಾದ ಮೇಲ್ಮೈ ಅದಕ್ಕೆ ಸಾಲದು. ಸತುವಿನ ಎರಕವನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಇನ್ನೂ ತಪ್ಪು, ಏಕೆಂದರೆ ಆ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿ ಹರಿದುಬಿಡುತ್ತದೆ. ತ್ರೀಡಿ ಮುದ್ರಣದಿಂದ ಹೊಸ ಕ್ಲ್ಯಾಂಪ್ ಮಾಡಿಕೊಳ್ಳುವ ಕ್ರಮಕ್ಕೆ ಇಂದು ಹೆಚ್ಚಿನ ಮೆಚ್ಚುಗೆಯಿದೆ. ಅದು ಸಲ್ಲಬೇಕಾದದ್ದು ಷರತ್ತಿನ ಮೇಲೆ ಮಾತ್ರ. ಪದರ ಪದರವಾಗಿ ಕಟ್ಟಿದ ವಸ್ತು ಪದರಗಳ ನಡುವೆ ಸುಲಭವಾಗಿ ಬಿಡುವುದರಿಂದ ಎಳೆತವು ಪದರಗಳ ಉದ್ದಕ್ಕೆ ಬೀಳುವಂತೆ ಮುದ್ರಿಸಬೇಕು. ಪಿಎಲ್‌ಎ ಎಂಬ ಸಾಮಾನ್ಯ ಪ್ಲಾಸ್ಟಿಕ್ಕಂತೂ ಸತತ ಹೊರೆಯಡಿ ನಿಧಾನವಾಗಿ ಬಾಗುತ್ತದೆ, 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಮುರಿದದ್ದರ ನಕಲನ್ನೇ ಮುದ್ರಿಸಿದರೆ ಅದರ ದೌರ್ಬಲ್ಯವೂ ನಕಲಾಗುತ್ತದೆ.

ಇವೆಲ್ಲಕ್ಕಿಂತ ಯುಕ್ತವಾದುದು ಕ್ಲ್ಯಾಂಪನ್ನೇ ಕೈಬಿಟ್ಟು, ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ 5 ಸೆಂಟಿಮೀಟರಿಗೂ ಹೆಚ್ಚು ದಪ್ಪದ ದಿಮ್ಮಿ ಮಾಡಿ, ನಡುವೆ ಗೂಟದ ಅಳತೆಗೆ ಸರಿಯಾಗಿ ರಂಧ್ರ ಕೊರೆದು, ಮೇಜಿನ ಹಲಗೆಯ ಮೂಲಕ ಹಾಯುವ ಬೋಲ್ಟುಗಳಿಂದ ಅದನ್ನು ಬಿಗಿಯುವ ಕ್ರಮ. ಒಂದೇ ತುಂಡಿನ ಮರವೂ ಆದೀತು. ಆದರೆ ಅದರ ನಾರುಗಳೆಲ್ಲ ಒಂದೇ ದಿಕ್ಕಿಗಿರುವುದರಿಂದ ರಂಧ್ರದ ಬಳಿ ಸೀಳುವ ಭಯವಿರುತ್ತದೆ, ಪ್ಲೈವುಡ್ಡಿನಲ್ಲಾದರೆ ಅಡ್ಡ ಹಾಯುವ ಪದರಗಳು ಆ ಸೀಳನ್ನು ತಡೆಯುತ್ತವೆ. ಮೇಜಿನ ಹಲಗೆ ಮರದ ಪುಡಿಯನ್ನು ಒತ್ತಿ ಮಾಡಿದ್ದಾದರೆ ಬೋಲ್ಟಿನ ನಟ್ಟು ಅದರೊಳಗೆ ಕುಸಿಯದಂತೆ ಕೆಳಗೊಂದು ಉಕ್ಕಿನ ಪಟ್ಟಿ ಕೊಡುವುದು ಅಗತ್ಯ. ಕೆಲಸದ ವೇಳೆ ದೀಪದ ಪ್ಲಗ್ಗನ್ನು ಕಿತ್ತಿಡಬೇಕು. ಲೋಹದ ತೋಳಿಗೆ ಅರ್ತಿಂಗ್ ತಂತಿ ಇದ್ದರೆ ಅದು ಮೊದಲಿನಂತೆಯೇ ಉಳಿಯಬೇಕು.

ಮೇಜಿಗೆ ರಂಧ್ರ ಕೊರೆಯಬೇಕಾಗುವುದು ಮತ್ತು ದೀಪ ಒಂದೇ ಕಡೆ ನೆಲೆಯಾಗುವುದು ಈ ಕ್ರಮದ ನಿಜವಾದ ಕೊರತೆಗಳು. ಎರಡನೆಯದಕ್ಕೆ ಪರಿಹಾರವಿದೆ: ಇಂಥವೇ ಎರಡು ದಿಮ್ಮಿಗಳನ್ನು ಮೇಜಿನ ಎರಡು ತುದಿಗಳಲ್ಲಿ ಕೂರಿಸಿದರೆ ದೀಪವನ್ನು ಎತ್ತಿ ಬೇಕಾದ ಕಡೆ ನಿಲ್ಲಿಸಬಹುದು. ಮೊದಲನೆಯದಕ್ಕಿಲ್ಲ. ಬಾಡಿಗೆ ಮನೆಯ ಅಥವಾ ಊಟದ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಉಕ್ಕಿನ ಕ್ಲ್ಯಾಂಪೊಂದನ್ನು ಕೊಳ್ಳುವುದೇ ದಾರಿ, ಮತ್ತು ಕೊಳ್ಳುವಾಗ ಅಳೆದು ನೋಡಬೇಕಾದದ್ದು ಗೂಟ ಇಳಿಯುವ ರಂಧ್ರದ ಆಳ.