ದೂರಯಂತ್ರಗಳ ಮೇಲಣ ಸ್ಕ್ರಿಪ್ಟ್ ಪ್ರಯೋಗ: ಒಂದು ಪಾಠಕ್ರಮದ ವಿಮರ್ಶೆ

ಕಾಂಪ್‌ಟಿಯಾ ಸಂಸ್ಥೆಯವರು 2020ರಲ್ಲಿ ಆರಂಭಿಸಿ 2024ರಲ್ಲಿ ನಿಲ್ಲಿಸಿದ ‘ಸೆಕ್ಯುರಿಟಿ ಪ್ಲಸ್’ ಪರೀಕ್ಷೆಯ ಎಸ್‌ವೈ0-601 ಪಾಠಕ್ರಮದಲ್ಲಿ ಪವರ್‌ಶೆಲ್ ಎಂಬುದು ಎರಡೆಡೆ ಪಠಿತವಾಗಿದೆ: ಆಕ್ರಮಣದ ಲಕ್ಷಣಗಳಲ್ಲಿ ಒಮ್ಮೆ, ರಕ್ಷಕನ ಉಪಕರಣಗಳಲ್ಲಿ ಇನ್ನೊಮ್ಮೆ. ಇದು ಪುನರುಕ್ತಿದೋಷವೆಂದು ಕೆಲವರು ಶಂಕಿಸಬಹುದು. ಅದು ಯುಕ್ತವಲ್ಲ. ಒಂದೇ ಸ್ಕ್ರಿಪ್ಟು ಪ್ರಯೋಕ್ತೃಭೇದದಿಂದ ಔಷಧವೂ ವಿಷವೂ ಆಗುವುದರಿಂದ ಉಭಯತ್ರ ಪಾಠವು ಸಾಧುವೇ ಸರಿ. ನಿಜವಾದ ನ್ಯೂನತೆಯೆಂದರೆ, ಎರಡೆಡೆಗಳಲ್ಲಿಯೂ ನಾಮನಿರ್ದೇಶವಿದೆಯೇ ಹೊರತು ಇವುಗಳ ಭೇದವನ್ನು ಅರಿಯುವ ಬಗೆಯನ್ನು ಹೇಳಿಲ್ಲ.

2009ರ ಎರಡನೆಯ ಆವೃತ್ತಿಯಿಂದ ಪವರ್‌ಶೆಲ್ ದೂರದ ವಿಂಡೋಸ್ ಯಂತ್ರಗಳ ಮೇಲೆ ಆಜ್ಞೆಗಳನ್ನು ನಡೆಯಿಸಬಲ್ಲುದಾಯಿತು. ಅದಕ್ಕೆ ನಿಯತವಾದ ಪೋರ್ಟುಗಳು 5985 ಮತ್ತು 5986. ‘ಎಕ್ಸಿಕ್ಯೂಷನ್ ಪಾಲಿಸಿ’ಯೇ ಇಲ್ಲಿ ಕಾವಲೆಂದು ಪರೀಕ್ಷಾರ್ಥಿಯು ಭ್ರಮಿಸಲಾಗದು, ಅದು ಪ್ರಮಾದದಿಂದಾಗುವ ಪ್ರಯೋಗವನ್ನು ತಡೆಯುವುದಲ್ಲದೆ ರಕ್ಷಣೆಯ ಗಡಿಯಲ್ಲವೆಂದು ನಿರ್ಮಾತೃಗಳಾದ ಮೈಕ್ರೋಸಾಫ್ಟಿನವರೇ ಒಪ್ಪಿರುವರು. ಭೇದಜ್ಞಾನಕ್ಕೆ ಪ್ರಮಾಣವು ದಾಖಲೆಯೇ. ಐದನೆಯ ಆವೃತ್ತಿಯ ಸ್ಕ್ರಿಪ್ಟ್ ಬ್ಲಾಕ್ ಲಾಗಿಂಗನ್ನು ಮೊದಲೇ ಚಾಲನೆಗೊಳಿಸಿದ್ದರೆ, ನಡೆದ ಸ್ಕ್ರಿಪ್ಟಿನ ಪಾಠವು 4104 ಎಂಬ ಸಂಖ್ಯೆಯಡಿಯಲ್ಲಿ ಉಳಿಯುವುದು. ಅದನ್ನು ಲಾಗಿನ್ ದಾಖಲೆಗಳೊಡನೆ ಕೂಡಿಸಿ, ಯಾರು, ಎಲ್ಲಿಂದ, ಯಾರ ಅನುಮತಿಯಿಂದ ಪ್ರಯೋಗಿಸಿದರೆಂದು ವಿಚಾರಿಸತಕ್ಕದ್ದು.

ನಾಮಾವಳಿಯ ಕಂಠಪಾಠದಿಂದ ಪ್ರಮಾಣಪತ್ರವು ದೊರೆತೀತು. ನೂರು ಯಂತ್ರಗಳ ಮೇಲೆ ಏಕಕಾಲದಲ್ಲಿ ಆಜ್ಞೆ ನಡೆಯಿಸುವ ಅಧಿಕಾರಕ್ಕೆ ಅಷ್ಟು ಸಾಲದು.