ಬ್ರೆಡ್ಡಿನ ಕಣಕದಲ್ಲಿ ಗಣಿತ

ಮಕ್ಕಳಿಂದ ಬ್ರೆಡ್ ಮಾಡಿಸುತ್ತ ಗಣಿತ ಕಲಿಸುವ ಪದ್ಧತಿಯ ಬೇರು ಇರುವುದು ಮಾಡಿ ಕಲಿಯಬೇಕೆಂಬ ಶಿಕ್ಷಣ ಚಿಂತನೆಯಲ್ಲಿ. 1896ರಲ್ಲಿ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಷಿಕಾಗೋದಲ್ಲಿ ಆರಂಭಿಸಿದ ಪ್ರಯೋಗ ಶಾಲೆಯಲ್ಲಿ ಅಡುಗೆಯೂ ಪಾಠದ ಭಾಗವಾಗಿತ್ತು. ವಾಲ್ಡಾರ್ಫ್ ಶಿಕ್ಷಣ ಪದ್ಧತಿಯ ಅನೇಕ ಶಿಶುವಿಹಾರಗಳಲ್ಲಿ ಇಂದಿಗೂ ವಾರದಲ್ಲೊಂದು ದಿನ ಬ್ರೆಡ್ಡಿಗೆ ಮೀಸಲು. ಆದರೆ ಈ ಕೆಲಸದಲ್ಲಿ ನಿಜಕ್ಕೂ ಎಷ್ಟು ಗಣಿತ ನಡೆಯುತ್ತದೆ ಎಂಬುದು ಅಳತೆ ಹೇಗೆ ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಅಮೆರಿಕದ ರೀತಿಯ ಕಪ್ ಅಳತೆ ಭಿನ್ನರಾಶಿ ಕಲಿಸಲು ಅನುಕೂಲವೆಂಬ ನಂಬಿಕೆ ಇದೆ. ಅದು ಪೂರ್ತಿ ಒಪ್ಪುವಂಥದ್ದಲ್ಲ. ಮೂರನೇ ಒಂದು ಕಪ್ ಎಂದರೆ ಮಗು ಆ ಗುರುತಿರುವ ಕಪ್ಪನ್ನು ಹುಡುಕಿ ತುಂಬಿಸುತ್ತದೆ. ಲೆಕ್ಕ ಕಪ್ಪಿನಲ್ಲೇ ಮುಗಿದಿರುತ್ತದೆ. ಹಿಟ್ಟನ್ನು ಒತ್ತಿ ತುಂಬಿದರೆ ತೂಕವೂ ಬದಲಾಗುತ್ತದೆ.

ತಕ್ಕಡಿ ಬಂದರೆ ಪಾಠ ಗಟ್ಟಿಯಾಗುತ್ತದೆ. ಬೇಕರಿಯ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ ಶೇ. 100. ಅದಕ್ಕೆ ನೀರು 65, ಉಪ್ಪು 2, ಯೀಸ್ಟ್ 1 ಎಂದಿಟ್ಟುಕೊಂಡರೆ 500 ಗ್ರಾಂ ಮೈದಾಕ್ಕೆ 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಯೀಸ್ಟ್. ಒಟ್ಟು ಕಣಕ 840 ಗ್ರಾಂ. 70 ಗ್ರಾಮಿನ 12 ಬನ್ ಆಗುತ್ತವೆ. 20 ಬನ್ ಬೇಕೆಂದಾಗ ಮಗು ನಿಜವಾಗಿ ಯೋಚಿಸಬೇಕಾಗುತ್ತದೆ. 1400 ಗ್ರಾಂ ಕಣಕದಿಂದ ಹಿಂದಕ್ಕೆ ಬಂದು, 168 ಪಾಲಿನಲ್ಲಿ 100 ಪಾಲು ಮೈದಾ ಎಂದು ಗುರುತಿಸಿ, ಸುಮಾರು 833 ಗ್ರಾಂ ಎಂಬ ಉತ್ತರ ಮುಟ್ಟಬೇಕು. ಅನುಪಾತ ಮನಸ್ಸಿಗೆ ಇಳಿಯುವುದು ಈ ಹಂತದಲ್ಲೇ. ಇಲ್ಲೊಂದು ತೊಡಕೂ ಉಂಟು: ಶಾಲೆಯ ಪಾಠದಲ್ಲಿ ಭಾಗಗಳೆಲ್ಲ ಕೂಡಿ ಶೇ. 100, ಇಲ್ಲಿ 168. ಇಡೀ ಕಣಕದಲ್ಲಿ ನೀರಿನ ಪಾಲು ಶೇ. 39ರಷ್ಟು ಮಾತ್ರ. ಯಾವುದರ ಮೇಲೆ ಶೇಕಡಾ ಎಂದು ಶಿಕ್ಷಕರು ಬಿಡಿಸಿ ಹೇಳದಿದ್ದರೆ ಮಕ್ಕಳು ಗೊಂದಲದಲ್ಲೇ ಉಳಿಯುತ್ತಾರೆ.

ಕಣಕ ಉಬ್ಬುವ ಹೊತ್ತನ್ನು ಬಿಡುವಿನ ವೇಳೆಯೆಂದು ಬಿಟ್ಟುಬಿಡುವುದು ದೊಡ್ಡ ನಷ್ಟ. ನೆಟ್ಟಗಿನ ಗಾಜಿನ ಜಾಡಿಯಲ್ಲಿ ಕಣಕ ಇಮ್ಮಡಿಯಾದರೆ ಎತ್ತರವೂ ಇಮ್ಮಡಿ. ಅದೇ 10 ಸೆಂ.ಮೀ. ವ್ಯಾಸದ ಉಂಡೆ ಎಲ್ಲ ಕಡೆಗೂ ಸಮನಾಗಿ ಉಬ್ಬಿ ಇಮ್ಮಡಿಯಾದಾಗ ವ್ಯಾಸ 12.6 ಸೆಂ.ಮೀ. ದಾಟುವುದಿಲ್ಲ. ಘನಫಲಕ್ಕೂ ಉದ್ದಕ್ಕೂ ಇರುವ ಈ ಅಂತರವನ್ನು ಅಳತೆಪಟ್ಟಿ ಹಿಡಿದು ನೋಡಿದ ಮಗುವಿಗೆ ಘನಫಲದ ಸೂತ್ರ ಅಪರಿಚಿತವೆನಿಸದು.

ಎಲ್ಲವೂ ಅನುಪಾತಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಓವನ್ ತೋರಿಸಿಕೊಡುತ್ತದೆ: ಕಣಕ ಎರಡರಷ್ಟಾದರೆ ಬೇಯುವ ಸಮಯವೂ ಎರಡರಷ್ಟಾಗಬೇಕೆಂದಿಲ್ಲ. ಮಗ್ಗಿ, ಭಾಗಾಕಾರದ ಚುರುಕು ಮಾತ್ರ ಬ್ರೆಡ್ಡಿನಿಂದ ಬರುವುದಿಲ್ಲ. ಅರ್ಧ ದಿನದ ಕೆಲಸದಲ್ಲಿ ಸಿಗುವುದು ನಾಲ್ಕೈದು ಲೆಕ್ಕ. ಉಳಿದ ಅಭ್ಯಾಸ ನೋಟ್‌ಬುಕ್ಕಿನಲ್ಲೇ ಆಗಬೇಕು.