ಆಕಾಶದಲ್ಲೊಂದು ಜಗಲಿ

ಕಾಂಚನಜುಂಗಾದ ಸೆಕ್ಷನ್ ಡ್ರಾಯಿಂಗ್ ಕೈಗೆ ಸಿಕ್ಕರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಮಾಲಯದ ಶಿಖರದ ಮಾತಲ್ಲ ಇದು. ಮುಂಬೈಯ ಕುಂಬಾಲಾ ಹಿಲ್ ಮೇಲೆ ನಿಂತಿರುವ ಅಪಾರ್ಟ್‌ಮೆಂಟಿನದು. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ, 1983ರಲ್ಲಿ ಮುಗಿದ ಈ ಬಿಳಿ ಗೋಪುರ ಸುಮಾರು 84 ಮೀಟರ್ ಎತ್ತರವಿದೆ. ತಳವೋ, 21 ಮೀಟರಿನ ಚೊಕ್ಕ ಚೌಕ. ಇಷ್ಟು ಎತ್ತರದಲ್ಲಿ ಇರುವುದು 32 ಮನೆಗಳಷ್ಟೇ.

ಕಟ್ಟಡವನ್ನು ನೆತ್ತಿಯಿಂದ ಬುಡದವರೆಗೆ ಸೀಳಿ ಒಳಗನ್ನು ತೋರಿಸುವ ನಕ್ಷೆಯೇ ಸೆಕ್ಷನ್. ಹಲಸಿನ ಹಣ್ಣು ಸೀಳಿದಾಗ ತೊಳೆಗಳು ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವಲ್ಲ, ಹಾಗೆ ಇಲ್ಲಿ ಮೂರು ಬೆಡ್‌ರೂಮಿನಿಂದ ಆರು ಬೆಡ್‌ರೂಮಿನವರೆಗಿನ ಮನೆಗಳು ಮೇಲೆ ಕೆಳಗೆ ಹೊಂದಿಕೊಂಡು ಕೂತಿವೆ. ನೋಡಿದಷ್ಟೂ ಸಾಲದು.

ಮುಂಬೈಯ ಪಡುವಣ ದಿಕ್ಕು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಾಡುತ್ತದೆ. ಅರಬ್ಬೀ ಸಮುದ್ರದ ತಂಪು ಗಾಳಿ, ಕಣ್ಣು ತಣಿಸುವ ನೋಟ ಆ ಕಡೆಯೇ. ಮಧ್ಯಾಹ್ನದ ಉರಿಬಿಸಿಲು, ಮುಂಗಾರಿನ ಎರಚಲು ಕೂಡ ಆ ಕಡೆಯೇ. ಹಳೆಯ ಬಂಗಲೆಗಳು ಇದಕ್ಕೆ ಸುತ್ತಲೂ ವರಾಂಡ ಹಾಕಿಕೊಂಡು, ಬಿಸಿಲು ಮಳೆಗಳನ್ನು ಹೊರಗೇ ತಡೆದವು. ಕೊರಿಯಾ ಆ ವರಾಂಡವನ್ನೇ ಎತ್ತಿಕೊಂಡು ಹೋಗಿ ಆಕಾಶದಲ್ಲಿ ಇಟ್ಟರು.

ಆ ಜಗಲಿಯೇ ನನ್ನನ್ನು ಮರುಳು ಮಾಡಿರುವುದು. ಗೋಪುರದ ಮೂಲೆಯನ್ನು ಎರಡು ಅಂತಸ್ತಿನಷ್ಟು ಎತ್ತರಕ್ಕೆ ಕೊರೆದು ತೆಗೆದಿದ್ದಾರೆ. ಮೂಲೆಯಲ್ಲಿ ಕಂಬವಿಲ್ಲ, ಕಾಂಕ್ರೀಟಿನ ಹಾಸು 6.3 ಮೀಟರಿನಷ್ಟು ಆಸರೆಯಿಲ್ಲದೆ ಹೊರಚಾಚಿಕೊಂಡಿದೆ. ಗಾಳಿಯಂಥ ಅಡ್ಡ ಒತ್ತಡಕ್ಕೆ ಮುಖ್ಯವಾಗಿ ಎದೆಯೊಡ್ಡಿರುವುದು ನಡುವಿನ ಗಟ್ಟಿ ಕಾಂಕ್ರೀಟ್ ತಿರುಳು. ಈ ಎಂಜಿನಿಯರಿಂಗ್ ಬಲವೆಲ್ಲ ಯಾರ ಸೇವೆಗೆ ಎಂದರೆ, ಒಂದು ಕುರ್ಚಿ, ಒಂದು ಲೋಟ ಚಹಾ ಮತ್ತು ಕಡಲಗಾಳಿಗೆ! ಕೆಳಗೆ ಪೆಡ್ಡರ್ ರಸ್ತೆಯ ಗದ್ದಲ. ಇಲ್ಲಿ ನಿಜವಾದ ಮಣ್ಣು ತುಂಬಿದ ಕೈತೋಟ, ಅದರಲ್ಲಿ ಹಸಿರು. ಮೇಲಿನ ಛಾವಣಿ ದೂರದಲ್ಲಿದೆ, ಆದ್ದರಿಂದ ಬೆಳಕು ಧಾರಾಳವಾಗಿ ಸುರಿಯುತ್ತದೆ. ಜಗಲಿ ಆಳವಾಗಿದೆ, ಆದ್ದರಿಂದ ಬಿಸಿಲು ಹೊಸ್ತಿಲು ದಾಟುವ ಮೊದಲೇ ಸೋಲುತ್ತದೆ.

ಅಲ್ಲಿಂದ ನಿಧಾನವಾಗಿ ಒಳಗೆ ಬನ್ನಿ. ಒಳಗಿನ ನೆಲ ಒಂದೇ ಸಮತಲದಲ್ಲಿಲ್ಲ. ಕೆಲವು ಮೆಟ್ಟಿಲು ಏರಿದರೆ ಒಂದು ಜಾಗ, ಕೆಲವು ಇಳಿದರೆ ಇನ್ನೊಂದು. ಕೂರುವ ಜಾಗ ಮುಗಿಯಿತು, ತೋಟ ಶುರುವಾಯಿತು ಎಂದು ಹೇಳಲು ಗೋಡೆಯೇ ಬೇಕಿಲ್ಲ; ಮಟ್ಟ ಬದಲಾಗುತ್ತದೆ, ನೆಲದ ಹಾಸು ಬದಲಾಗುತ್ತದೆ, ಅಂಗಾಲಿಗೆ ಅದು ತಿಳಿಯುತ್ತದೆ. ಒಳಾಂಗಣ ವಿನ್ಯಾಸದಲ್ಲಿ ಇಷ್ಟು ಮೃದುವಾದ ಮಾತು ನಾನು ಬೇರೆಲ್ಲೂ ಕೇಳಿಲ್ಲ. ಇಂಥ ಮನೆಗೆ ಸೋಫಾ ಯಾವುದು, ಪರದೆ ಯಾವುದು ಎನ್ನುವುದು ಆಮೇಲಿನ ಮಾತು. ಒಂದು ಒಳ್ಳೆಯ ಬೀಟೆಮರದ ಕುರ್ಚಿ, ನೇಯ್ಗೆ ಎದ್ದು ಕಾಣುವ ಒಂದು ಕೈಮಗ್ಗದ ಹಾಸು ಇದ್ದರೂ ಸಾಕು. ಉಳಿದ ಅಲಂಕಾರವನ್ನು ಬೆಳಕೇ ನೋಡಿಕೊಳ್ಳುತ್ತದೆ.

ಪೂರ್ವ ಪಶ್ಚಿಮ ಎರಡೂ ಕಡೆ ತೆರೆದ ಮನೆಯಾದ್ದರಿಂದ ಗಾಳಿ ಬಂದ ದಾರಿಗೆ ಎದುರು ದಾರಿಯೂ ಇದೆ. ಒಳಗೆ ಬಂದದ್ದು ತಂಗುವುದಿಲ್ಲ, ಹಾದುಹೋಗುತ್ತದೆ. ಮುಂಬೈಯ ಸೆಕೆ ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳೂ ಕೊರಿಯಾ ಅವರವೇ. ಮುಂಬೈ ದೂರವಾದರೆ ಅವನ್ನಾದರೂ ತಲೆಯೆತ್ತಿ ನೋಡಿ. ಎತ್ತರದ ಫ್ಲ್ಯಾಟ್ ಕೊಳ್ಳುವ ಯೋಗ ನಿಮಗಿದ್ದರೆ, ಇಟಾಲಿಯನ್ ಮಾರ್ಬಲ್ ಸವರಿ ನೋಡುವ ಮೊದಲು ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಲ್ಲಿ. ಗಾಳಿ ಎತ್ತಲಿಂದ ಬರುತ್ತದೆ, ಎತ್ತ ಹೋಗುತ್ತದೆ ಎಂದು ಬಿಲ್ಡರನ್ನು ಕೇಳಿ. ಉತ್ತರ ಸರಿಯಾಗಿದ್ದರೆ ಮಾತ್ರ ಅಡ್ವಾನ್ಸ್ ಕೊಡಿ.